ಕಂಪ್ಯೂಟರಿಗೂ ಒಂದು ದಾಖಲಾತಿ ಪುಸ್ತಕವಿರಲಿ

(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ನಿವೃತ್ತ ಶಿಕ್ಷಕರೊಬ್ಬರ ಭಾಷಣ)



ನಾನು ಪಾಠ ಮಾಡುತ್ತಿದ್ದ ಒಂದು ಶಾಲೆಗೆ ದಾನಿಗಳು ಕಂಪ್ಯೂಟರ್ ಕೊಟ್ಟಿದ್ದರು. ಅದನ್ನು ಹೊಂದಿಸಿಕೊಟ್ಟ ಹುಡುಗ ಕೆಲಸ ಸಿಕ್ಕಿ ಬೇರೆ ಊರಿಗೆ ಹೋದ. ಆಮೇಲೆ ಡಿಸ್ಕ್ ಕೆಟ್ಟಿತು. ಹೊಸ ಡಿಸ್ಕ್ ಹಾಕಿಸಿದೆವು. ಆದರೆ ಕನ್ನಡ ಕೀಲಿಮಣೆ, ಪ್ರಿಂಟರ್, ವೈಫೈಗಳನ್ನು ಅವನು ಹೇಗೆ ಹೊಂದಿಸಿದ್ದನೆಂದು ಯಾರಿಗೂ ಗೊತ್ತಿರಲಿಲ್ಲ. ಬರೆದಿಡದ ಒಂದೇ ತಪ್ಪಿಗೆ ಆ ಯಂತ್ರ ಇಡೀ ವರ್ಷ ಬಟ್ಟೆ ಹೊದ್ದು ಮೂಲೆಯಲ್ಲಿ ಕೂತಿತ್ತು.

ನಿವೃತ್ತಿಯ ನಂತರ ನಿಕ್ಸ್‌ಓಎಸ್ ಬಗ್ಗೆ ತಿಳಿದುಕೊಂಡೆ. ಇದು ಲಿನಕ್ಸ್ ಆಧಾರಿತ ಮುಕ್ತ ತಂತ್ರಾಂಶ. ಇದಕ್ಕೆ ಹಣ ಕೊಡಬೇಕಿಲ್ಲ. ಇದರ ಮೂಲವಾದ ನಿಕ್ಸ್ ಅನ್ನು ನೆದರ್ಲೆಂಡ್ಸಿನ ಉಟ್ರೆಕ್ಟ್ ವಿಶ್ವವಿದ್ಯಾಲಯದಲ್ಲಿ ಎಲ್ಕೋ ಡೋಲ್‌ಸ್ಟ್ರಾ 2003ರಲ್ಲಿ ಆರಂಭಿಸಿದರು. ಇದರಲ್ಲಿ ಒಂದೊಂದೇ ಗುಂಡಿ ಒತ್ತುತ್ತಾ ಹೊಂದಿಸುವ ಬದಲು, ನಮಗೆ ಏನೇನು ಬೇಕೆಂದು ಕಡತದಲ್ಲಿ ಬರೆಯುತ್ತೇವೆ. ಅದನ್ನು ಓದಿ ಯಂತ್ರ ತನ್ನನ್ನು ತಾನೇ ಸಿದ್ಧಪಡಿಸಿಕೊಳ್ಳುತ್ತದೆ.

ಮುಖ್ಯವಾಗಿ ಎರಡು ಕಡತಗಳಿರುತ್ತವೆ. ಒಂದು ಶಾಲೆಯ ವೇಳಾಪಟ್ಟಿಯ ಹಾಗೆ, ಎಲ್ಲ ಯಂತ್ರಗಳಿಗೂ ಒಂದೇ. ಕನ್ನಡ ಗಣಕ ಪರಿಷತ್ತಿನ ಹೆಸರಿನ ಕಗಪ ಕೀಲಿಮಣೆ ಬೇಕೆಂದು ಅಲ್ಲಿ ಬರೆದಿಡಬಹುದು. ಇನ್ನೊಂದು ದಾಖಲಾತಿ ಪುಸ್ತಕದ ಹಾಗೆ, ಯಂತ್ರಕ್ಕೊಂದು. ಯಾವ ಡಿಸ್ಕ್, ಯಾವ ಡ್ರೈವರ್ ಎಂಬುದನ್ನು ಯಂತ್ರವೇ ಹುಡುಕಿ ಅಲ್ಲಿ ಬರೆದುಕೊಳ್ಳುತ್ತದೆ. ಥಿಂಕ್‌ಪ್ಯಾಡ್, ಡೆಲ್ ಮುಂತಾದ ಅನೇಕ ಮಾದರಿಗಳಿಗೆ ತಕ್ಕ ಹೊಂದಿಕೆಗಳನ್ನು ಬಳಕೆದಾರರೇ ಬರೆದು ಹಂಚಿಕೊಂಡಿದ್ದಾರೆ. ಡಿಸ್ಕ್ ಬದಲಾದರೆ ಎರಡನೆಯದನ್ನು ಮತ್ತೆ ಬರೆಸಿದರಾಯಿತು. ಮೊದಲನೆಯದು ಹಾಗೇ ಉಪಯೋಗಕ್ಕೆ ಬರುತ್ತದೆ. ಬದಲಾವಣೆ ತಪ್ಪಾದರೆ ಯಂತ್ರ ಆರಂಭಿಸುವಾಗ ಹಿಂದಿನ ಹೊಂದಿಕೆಯನ್ನೇ ಆರಿಸಿಕೊಳ್ಳಬಹುದು.

ಕಷ್ಟವೂ ಇದೆ. ಕಲಿಯಲು ತಾಳ್ಮೆ ಬೇಕು, ಇಂಟರ್ನೆಟ್ ಬೇಕು. ಮಕ್ಕಳ ಪ್ರಬಂಧ, ಫೋಟೋಗಳು ಈ ಕಡತದಲ್ಲಿ ಇರುವುದಿಲ್ಲ. ಅವುಗಳ ಪ್ರತಿಯನ್ನು ಬೇರೆಯಾಗಿಯೇ ತೆಗೆದಿಡಬೇಕು. ಪಾಸ್‌ವರ್ಡನ್ನು ಅದರಲ್ಲಿ ಬರೆಯಲೇಬಾರದು.

ದಾನಿಗಳಲ್ಲಿ ನನ್ನ ವಿನಂತಿ ಇಷ್ಟೇ: ಲ್ಯಾಪ್‌ಟಾಪ್ ಕೊಡುವಾಗ ಅದನ್ನು ಹೊಂದಿಸುವವರಿಂದ ಈ ಕಡತಗಳನ್ನೂ ಕೇಳಿ ಪಡೆಯಿರಿ. ಮಕ್ಕಳೇ, ಅವನ್ನು ಪೆನ್‌ಡ್ರೈವಿನಲ್ಲಿಡಿ, ಒಂದು ಪ್ರತಿ ಮುದ್ರಿಸಿಡಿ. ಓದು ಮುಗಿದು ಯಂತ್ರವನ್ನು ತಮ್ಮನಿಗೋ ತಂಗಿಗೋ ಕೊಡುವಾಗ ಅವನ್ನೂ ಕೊಡಿ. ಆಗ ನೀವು ಊರು ಬಿಟ್ಟರೂ ನಿಮ್ಮ ತಿಳಿವಳಿಕೆ ಊರಲ್ಲೇ ಉಳಿಯುತ್ತದೆ.