ಅಂಗವಿಕಲ ಯೋಧನ ಮಾನ್ಯವೂ ಕಾಯಕವೂ



ಮಹಾದೇವಿಯಕ್ಕನ ಜನ್ಮಭೂಮಿಯಾದ ಈ ಉಡುತಡಿಯ ಸುತ್ತಣ ಸೀಮೆಯು ಶಾಸನಗಳ ಕಣಜವೆಂಬುದು ಸರ್ವವಿದಿತವಾಗಿದೆ. ರೈಸ್ ಸಾಹೇಬರು 1902ರಲ್ಲಿಯೂ 1904ರಲ್ಲಿಯೂ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಗ್ರಂಥಮಾಲೆಯ ಏಳನೆಯ ಮತ್ತು ಎಂಟನೆಯ ಸಂಪುಟಗಳನ್ನು ತೆರೆದರೆ, ಶಿಕಾರಿಪುರ ಸೊರಬ ತಾಲ್ಲೂಕುಗಳ ವೀರಗಲ್ಲುಗಳು ಸಾಲುಸಾಲಾಗಿ ಎದ್ದು ನಿಲ್ಲುವುವು. ತುರುಗಳನ್ನು ಮರಳಿಸಹೋಗಿ ಮಡಿದವನೊಬ್ಬ. ಹೆಂಗಸರ ಸೆರೆ ಬಿಡಿಸಹೋಗಿ ಮಡಿದವನು ಮತ್ತೊಬ್ಬ. ಒಡೆಯನ ಮಾತಿಗೆ ಕಾದಿ ಬಿದ್ದವನು ಇನ್ನೊಬ್ಬ. ಕಲ್ಲಿನ ಕೆಳಗಣ ಪಟ್ಟಿಕೆಯಲ್ಲಿ ಕಾಳಗ, ನಡುವಣದರಲ್ಲಿ ಅಪ್ಸರೆಯರು ವೀರನನ್ನು ಒಯ್ಯುವ ನೋಟ, ಮೇಲಣದರಲ್ಲಿ ಶಿವಸನ್ನಿಧಿ. ಹೀಗೆ ಮೂರೇ ಪಟ್ಟಿಕೆಗಳಲ್ಲಿ ಯೋಧನ ಕಥೆ ಮುಗಿದುಹೋಗುತ್ತದೆ.

ಆ ಕಾಲದ ಅರಸರಾದರೂ ಕಲ್ಲು ನಿಲ್ಲಿಸಿದರೆ ಸಾಕೆಂದು ಸುಮ್ಮನಿದ್ದವರಲ್ಲ. ನೆತ್ತರು ಸುರಿಸಿದವನ ಮನೆಯವರಿಗೆ ಬಿಟ್ಟ ಭೂಮಿಗೆ ನೆತ್ತರುಗೊಡಗೆಯೆಂದು ಹೆಸರು. ಕಲ್ನಾಡು, ಬಾಳ್ಗಚ್ಚು ಎಂಬ ಬೇರೆ ಮಾನ್ಯಗಳೂ ಉಂಟು. ಮದ್ದೂರು ತಾಲ್ಲೂಕಿನ ಆತಕೂರಿನ ಪ್ರಸಿದ್ಧ ಶಾಸನದಲ್ಲಿ, ತಕ್ಕೋಲದ ಯುದ್ಧವಾದ ಮೇಲೆ, ಕ್ರಿ.ಶ. 949-50ರ ಸುಮಾರಿಗೆ, ಗಂಗರ ಬೂತುಗನು ತನ್ನ ಬಂಟನಾದ ಮಣಲೇರನಿಗೆ ಬಾಳ್ಗಚ್ಚಾಗಿ ಊರುಗಳನ್ನು ಕೊಟ್ಟ ಸಂಗತಿಯಿದೆ. ಮಣಲೇರನು ಬದುಕಿ ಬಂದವನು. ಆದರೆ ಒಡೆಯನ ಮೆಚ್ಚಿನವನು. ಕಾಳಗದಿಂದ ಕುಂಟುತ್ತ ಹಿಂದಿರುಗಿದ ಸಾಮಾನ್ಯ ಬಂಟನ ಗತಿಯೇನು? ಗಾಯವು ಮಾಗಿದಂತೆ ತೋರಿ, ಹತ್ತು ವರ್ಷ ಕಳೆದ ಮೇಲೆ ಕಾಲು ಸೆಡೆತು, ನೇಗಿಲು ಹಿಡಿಯಲಾರದೆ ಜಗಲಿಯಲ್ಲಿ ಕುಳಿತವನ ಪಟ್ಟಿಕೆಯನ್ನು ಯಾವ ಶಿಲ್ಪಿಯೂ ಕೆತ್ತಿದಂತೆ ಕಾಣದು. ಸತ್ತವನಿಗೆ ಕಲ್ಲು, ಉಳಿದವನಿಗೆ ಮೌನ.

ಆದರೂ ಇದೇ ಸೀಮೆಯ ಒಂದು ಶಾಸನವು ಆ ಮೌನವನ್ನು ಮುರಿದಿರುವುದು. ಸಮೀಪದ ಬಳ್ಳಿಗಾವೆಯ ದಕ್ಷಿಣಕೇದಾರೇಶ್ವರನ ಸನ್ನಿಧಿಯಲ್ಲಿ ಕೋಡಿಯ ಮಠವಿದ್ದಿತು. ಅದು ಕಾಳಾಮುಖಾಚಾರ್ಯರ ಮಠ, ವೀರಶೈವ ಮಠವಲ್ಲ. ಇತಿಹಾಸದ ಮಾತಿನಲ್ಲಿ ಸ್ವಕೀಯಾಭಿಮಾನ ಸಲ್ಲದು. ಬಿಜ್ಜಳನ ಕಾಲದ, 1162ರ ಶಾಸನವು ಆ ಮಠವನ್ನು ವರ್ಣಿಸುವಾಗ ಮೊದಲು ವೇದ ವ್ಯಾಕರಣ ದರ್ಶನ ಪುರಾಣಗಳ ಪಾಠವನ್ನು ಹೇಳಿ, ಬಳಿಕ ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು ಇವರಿಗೆಲ್ಲ ಅನ್ನ ದೊರೆಯುವ ಸ್ಥಾನವೆಂದೂ, ದಿಕ್ಕಿಲ್ಲದ ರೋಗಿಗಳಿಗೆ ಆಶ್ರಯವನ್ನೂ ಔಷಧೋಪಚಾರವನ್ನೂ ಕೊಡುವ ಸ್ಥಾನವೆಂದೂ ಎಣಿಸಿ ಹೇಳುತ್ತದೆ. ಕುಂಟನು ಯಾವ ಕಾರಣದಿಂದ ಕುಂಟನಾದನೆಂದು ಅಲ್ಲಿ ಕೇಳಿದಂತಿಲ್ಲ. ಪಾಣಿನೀಯವನ್ನು ಓದಿಸಿದ ಕೈಯೇ ರೋಗಿಗೆ ಗಂಜಿ ಬಡಿಸಿತೆಂಬುದು ಪಾಠಶಾಲೆಗಳವರು ಆಗಾಗ ನೆನೆಯತಕ್ಕ ವಿಷಯ.

ಈ ಕಾಲದ ಯೋಧನಿಗೆ ಬರುವ ಮೊದಲ ಪ್ರಶ್ನೆಯೇ ಕಾರಣದ್ದು. ಅಂಗವೈಕಲ್ಯದ ವಿಶ್ರಾಂತಿವೇತನ, ಎಂದರೆ ಪಿಂಚಣಿ, ದೊರೆಯಬೇಕಾದರೆ ಎರಡು ಬಾಗಿಲುಗಳನ್ನು ದಾಟಬೇಕೆಂದು ಸೈನ್ಯದ 1961ರ ನಿಯಮಾವಳಿಯ 173ನೆಯ ನಿಯಮವು ವಿಧಿಸಿತು. ವ್ಯಾಧಿಯಾಗಲಿ ಗಾಯವಾಗಲಿ ಸೈನ್ಯಸೇವೆಯಿಂದ ಉಂಟಾಗಿರಬೇಕು, ಇಲ್ಲವೆ ಸೇವೆಯಿಂದ ಉಲ್ಬಣಿಸಿರಬೇಕು. ವೈಕಲ್ಯವು ನೂರಕ್ಕೆ 20ಕ್ಕೆ ಕಡಿಮೆಯಿರಕೂಡದು. ಗುಂಡು ತಗುಲಿದವನಿಗೆ ಮೊದಲನೆಯ ಬಾಗಿಲು ಸುಲಭ. ಆದರೆ 1984ರಿಂದ ಸೈನ್ಯವು ಕಾಯುತ್ತಿರುವ ಸಿಯಾಚಿನ್ನಿನಂತಹ ಹಿಮಭೂಮಿಯಲ್ಲಿ ನಿಂತು ರಕ್ತದೊತ್ತಡ ತಂದುಕೊಂಡವನು, ಫಿರಂಗಿಗಳ ಪಕ್ಕದಲ್ಲಿ ವರ್ಷಗಟ್ಟಲೆ ದುಡಿದು ಕಿವಿ ಮಂದವಾದವನು, ಹೊರೆ ಹೊತ್ತು ಬೆಟ್ಟವೇರಿ ಬೆನ್ನೆಲುಬು ಸವೆದವನು—ಇವರ ರೋಗವು ಒಂದು ದಿನದಲ್ಲಿ ಬಂದುದಲ್ಲ. ಬಂದ ದಿನವನ್ನು ಯಾರೂ ಬರೆದಿಟ್ಟಿಲ್ಲ. ಇಂತಹವರ ಕಾಗದದ ಮೇಲೆ ವೈದ್ಯಮಂಡಲಿಯು ‘ಸೇವೆಗೆ ಸಂಬಂಧಿಸಿದ್ದಲ್ಲ, ದೇಹಪ್ರಕೃತಿಯದು’ ಎಂದು ಒಂದೇ ಸಾಲು ಬರೆದುಬಿಟ್ಟರೆ, ಹಳ್ಳಿಯ ಸಿಪಾಯಿ ಅದಕ್ಕೆ ಏನು ಉತ್ತರ ಹೇಳಬಲ್ಲ?

ಆ ಉತ್ತರವನ್ನು 2013ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಿತು. 1985ರಲ್ಲಿ ಸೈನ್ಯ ಸೇರಿ, ಮೂರ್ಛೆರೋಗದ ನಿಮಿತ್ತ ನೂರಕ್ಕೆ 20ರ ವೈಕಲ್ಯವೆಂದು 1994ರಲ್ಲಿ ಮನೆಗೆ ಕಳುಹಿಸಲ್ಪಟ್ಟ ಒಬ್ಬ ಸಿಪಾಯಿಯ ವ್ಯಾಜ್ಯವದು. ಸೇರುವಾಗ ಮಾಡಿದ ಪರೀಕ್ಷೆಯಲ್ಲಿ ರೋಗವನ್ನು ಬರೆದಿಲ್ಲವಾದರೆ, ಆತನು ಆರೋಗ್ಯವಂತನಾಗಿ ಸೇರಿದನೆಂದೇ ಭಾವಿಸತಕ್ಕದ್ದು. ಬಳಿಕ ಬಂದ ರೋಗವು ಸೇವೆಯಿಂದ ಬಂದುದೆಂದೇ ಊಹಿಸತಕ್ಕದ್ದು. ಅಲ್ಲವೆನ್ನುವವರೇ ಅದನ್ನು ಸ್ಥಾಪಿಸಬೇಕು. ಮಂಡಲಿಯು ಕಾರಣವನ್ನು ಬರೆಯದೆ ತೀರ್ಮಾನ ಹೇಳಕೂಡದು—ಇದು ತೀರ್ಪಿನ ತಿರುಳು. ತರ್ಕಶಾಸ್ತ್ರವನ್ನು ಬಲ್ಲವರಿಗೆ ಇದರ ಸೊಗಸು ತಿಳಿಯುವುದು: ಪ್ರಮಾಣಭಾರವು ದುರ್ಬಲನ ಹೆಗಲಿನಿಂದ ಪ್ರಬಲನ ಹೆಗಲಿಗೆ ಬಂದಿತು.

ಎರಡನೆಯ ಬಾಗಿಲಿನ ಲೆಕ್ಕವೂ ಸ್ವಲ್ಪ ತಿಳಿದಿರಬೇಕು. ನೂರಕ್ಕೆ ನೂರು ವೈಕಲ್ಯವಿದ್ದವನಿಗೆ ಕೊನೆಯ ವೇತನದ ನೂರಕ್ಕೆ 30ರಷ್ಟು ವೈಕಲ್ಯಭಾಗವೆಂದು ಗಣನೆ. ಆ ಪ್ರಕಾರ 20ರವನಿಗೆ ಬರುವುದು ವೇತನದ ನೂರಕ್ಕೆ 6 ಮಾತ್ರ. ಮಂಡಲಿಗಳ ಅಳತೆಯಲ್ಲಿ ಹೆಚ್ಚುಕಡಿಮೆ ಸಂಭವಿಸುವುದರಿಂದ, 50ಕ್ಕೆ ಕಡಿಮೆಯಿದ್ದುದನ್ನು 50 ಎಂದೂ, 50ರಿಂದ 75ರವರೆಗಿನದನ್ನು 75 ಎಂದೂ, ಮೇಲಿನದನ್ನು 100 ಎಂದೂ ಎಣಿಸುವ ಏರ್ಪಾಡು 1996ರ ಜನವರಿಯಿಂದ ಅನ್ವಯಿಸುವಂತೆ ಬಂದಿತು. ರೋಗದಿಂದ ಸೇವೆ ಬಿಟ್ಟವರಿಗಷ್ಟೇ ಅಲ್ಲದೆ, ಅವಧಿ ಮುಗಿಸಿ ಬಂದ ವಿಕಲಾಂಗರಿಗೂ ಅದು ಸಲ್ಲುವುದೆಂದು 2014ರ ಡಿಸೆಂಬರಿನಲ್ಲಿ ಅದೇ ನ್ಯಾಯಾಲಯವು ನಿರ್ಣಯಿಸಿತು. 2023ರ ಸೆಪ್ಟೆಂಬರಿನಲ್ಲಿ ಹೊಸ ನಿಯಮಾವಳಿ ಬಂದು, ಹೆಸರುಗಳೂ ಕೆಲವು ನಿಬಂಧನೆಗಳೂ ಬದಲಾದುವು. ಮಾಜಿ ಯೋಧರಲ್ಲಿ ಅದರಿಂದ ಕಳವಳವೂ ಹುಟ್ಟಿತು. ಇಂತಹ ವ್ಯಾಜ್ಯಗಳಿಗೆಂದೇ 2007ರ ಕಾಯಿದೆಯಿಂದ ಸಶಸ್ತ್ರಪಡೆಗಳ ನ್ಯಾಯಮಂಡಲಿ ಏರ್ಪಟ್ಟಿದೆ.

ಇಷ್ಟೆಲ್ಲ ಧನದ ಮಾತಾಯಿತು. ಉಲ್ಬಣಿಸುವ ವ್ಯಾಧಿಯ ನಿಜವಾದ ಕಷ್ಟ ಬೇರೆ. ಸಿಪಾಯಿಯು ಹದಿನೈದು ಹದಿನೇಳು ವರ್ಷ ಸೇವೆ ಮಾಡಿ, ನಲವತ್ತು ತುಂಬುವ ಮೊದಲೇ ಊರಿಗೆ ಬರುವುದು ವಾಡಿಕೆ. ಮಕ್ಕಳು ಇನ್ನೂ ಶಾಲೆಯಲ್ಲಿರುತ್ತಾರೆ. ಆಗ ಮೊಣಕಾಲು ತುಸು ನೋಯುತ್ತಿದ್ದರೂ ಆತನು ಯಾವುದೋ ಕಾರ್ಖಾನೆಯ ಇಲ್ಲವೆ ಬ್ಯಾಂಕಿನ ಬಾಗಿಲಲ್ಲಿ ಕಾವಲಿಗೆ ನಿಲ್ಲುವನು. ಐದಾರು ವರ್ಷಗಳಲ್ಲಿ ನಿಲ್ಲಲಾಗದು. ಭೂಮಿಯ ಆಸರೆಯುಂಟೆನ್ನೋಣವೆಂದರೆ, 1969ರ ಭೂಮಂಜೂರಾತಿ ನಿಯಮಗಳಲ್ಲಿ ಸೈನಿಕರಿಗೂ ಮಾಜಿ ಸೈನಿಕರಿಗೂ ಪಾಲನ್ನು ಮೀಸಲಿರಿಸಿರುವುದು ದಿಟ. ಹಳೆಯ ಕೊಡಗೆಗಳ ಛಾಯೆಯೇ ಅದು. ಆದರೆ ಬೆನ್ನು ಬಗ್ಗದವನು ಗದ್ದೆಗೆ ಇಳಿಯುವುದೆಂತು, ಅಡಕೆಯ ಮರಕ್ಕೆ ಕೊನೆಗಾರನನ್ನು ಕೂಲಿ ಕೊಟ್ಟು ಕರೆಸುವುದೆಂತು? ನೆತ್ತರುಗೊಡಗೆಯು ಮಡಿದವನ ಮಕ್ಕಳಿಗೆ ಸಾಕಾಗಿರಬಹುದು. ನವೆಯುತ್ತಿರುವ ಯೋಧನಿಗೆ ಭೂಮಿಯೊಂದೇ ಸಾಲದು.

ಬೇಕಾದುದು ಹೊಸ ಕಾಯಕ. ಇದನ್ನು ಮೊದಲ ಮಹಾಯುದ್ಧದ ಕಾಲದಲ್ಲಿಯೇ ಕೆಲವರು ಕಂಡುಕೊಂಡಿದ್ದರು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಹಿಡಿದ ದಂಡಿನಲ್ಲಿ ಮೈಸೂರಿನ ಅಶ್ವದಳವೂ ಇದ್ದಿತೆಂಬುದನ್ನು ಕನ್ನಡಿಗರು ಹೆಮ್ಮೆಯಿಂದ ಹೇಳಿಕೊಳ್ಳುವರು; ಬೆಂಗಳೂರಿನಲ್ಲಿ ಅದರ ಸ್ಮಾರಕವೂ ಇದೆ. ಆ ವಿಜಯಕ್ಕೆ ಒಂದು ವರ್ಷ ಮೊದಲೇ, 1917ರಲ್ಲಿ, ಯುದ್ಧದಲ್ಲಿ ಕೈಕಾಲು ಕಳೆದುಕೊಂಡವರಿಗೆ ಕಸಬು ಕಲಿಸಲು ಮುಂಬಯಿಯಲ್ಲಿ ಕ್ವೀನ್ ಮೇರಿ ಶಿಲ್ಪಶಾಲೆಯು ಹುಟ್ಟಿತು. ಮುಂದೆ ಅದು ಪುಣೆಯ ಬಳಿಯ ಖಡಕಿಗೆ ಹೋಯಿತು. ಅಲ್ಲಿ ವಿಕಲಾಂಗ ಯೋಧನು ವಿದ್ಯಾರ್ಥಿ, ಭಿಕ್ಷಾರ್ಥಿಯಲ್ಲ. ಶರಣರು ಕಾಯಕವೆಂದುದಕ್ಕೂ ಇದಕ್ಕೂ ಭೇದವಿಲ್ಲ. ಆದರೆ ಒಂದು ಕೊರತೆಯನ್ನು ಹೇಳಲೇಬೇಕು. ಸರಕಾರದ ಪುನರ್ವಸತಿ ಶಿಕ್ಷಣವು ಬಹುಮಟ್ಟಿಗೆ ಸೇವೆಯಿಂದ ಬಿಡುಗಡೆಯಾಗುವ ಹೊತ್ತಿಗೆ ದೊರೆಯುವುದು. ರೋಗವಾದರೋ ಆ ಹೊತ್ತಿಗಾಗಿ ಕಾಯುವುದಿಲ್ಲ, ಐವತ್ತರಲ್ಲಿ ಬಲಿಯುತ್ತದೆ. ಕಲಿಯಬೇಕಾದಾಗ ಶಾಲೆ ದೂರ. ಶಾಲೆ ಹತ್ತಿರವಿದ್ದಾಗ ರೋಗ ಸಣ್ಣದು.

ಈ ಎಡೆಯನ್ನು ತುಂಬಲು ಮಠಗಳಿಗೆ ಶಕ್ತಿಯುಂಟು. ಮಠಗಳ ವಿದ್ಯಾಸಂಸ್ಥೆಗಳಲ್ಲಿ ಕುಳಿತು ಮಾಡುವ ಕೆಲಸಗಳನ್ನು—ಲೆಕ್ಕಪತ್ರ, ಗಣಕಯಂತ್ರ, ಹೊಲಿಗೆ, ಗಡಿಯಾರ ಮತ್ತು ವಿದ್ಯುದ್ಯಂತ್ರಗಳ ದುರಸ್ತಿ—ಪ್ರಾಯ ಮೀರಿದವನಿಗೂ ಸಂಜೆಯ ಹೊತ್ತು ಹೇಳಿಕೊಡುವುದು ಅಸಾಧ್ಯವಲ್ಲ. ಜ್ಯುಬಿಲಿಯ ನೆನಪಿಗೆ ಮಹಾದ್ವಾರವನ್ನು ಕಟ್ಟಿಸುವುದೂ ಉಂಟು. ಅದಕ್ಕೆ ತಗಲುವ ಕಲ್ಲಿನ ಬೆಲೆಯಲ್ಲಿ ಇಂತಹ ಒಂದು ಕೊಠಡಿ ಕೆಲವು ವರ್ಷ ನಡೆದೀತು.

ಅದಕ್ಕೂ ಮುಂಚೆ ಆಗಬೇಕಾದ ಒಂದು ಸಣ್ಣ ಕೆಲಸವಿದೆ. ಹಳ್ಳಿಯ ಎಷ್ಟೋ ಮಾಜಿ ಯೋಧರ ಪೆಟ್ಟಿಗೆಯಲ್ಲಿ ಬಿಡುಗಡೆಯ ಪುಸ್ತಕವಿರುತ್ತದೆ, ಪದಕಗಳಿರುತ್ತವೆ. ವೈದ್ಯಮಂಡಲಿಯ ನಡವಳಿಯ ಪ್ರತಿ ಮಾತ್ರ ಇರುವುದಿಲ್ಲ. ರೋಗ ಬಲಿತುದನ್ನು ತೋರಿಸಿ ಪುನಃಪರೀಕ್ಷೆಯನ್ನು ಕೇಳಲು ಆ ಪ್ರತಿಯೇ ಆಧಾರ. ಶಿವಮೊಗ್ಗದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯ ಮೂಲಕ ದಾಖಲೆಯ ಕಚೇರಿಗೆ ಬರೆದು ಅದನ್ನು ತರಿಸಬಹುದು. 2005ರ ಮಾಹಿತಿ ಹಕ್ಕಿನ ಕಾಯಿದೆಯಿಂದಲೂ ಕೇಳಬಹುದು. ಅರ್ಜಿಯಲ್ಲಿ ಸೈನ್ಯದ ಸಂಖ್ಯೆ, ದಳದ ಹೆಸರು, ಬಿಡುಗಡೆಯ ದಿನ ಇವಿಷ್ಟು ತಪ್ಪದೆ ಇರಬೇಕು. ಉಳಿದುದನ್ನು ಬರೆಯಬಲ್ಲ ವಿದ್ಯಾರ್ಥಿಗಳು ಪ್ರತಿಯೊಂದು ಪಾಠಶಾಲೆಯಲ್ಲಿಯೂ ಇದ್ದಾರೆ.