ಅಧಿಕಾರಿಯ ಫೋನು, ಜನರ ದಾಖಲೆ

ಕಚೇರಿಯ ಕಾಗದಪತ್ರಗಳ ಕಟ್ಟಿಗೆ ನಾವು ‘ಕಡತ’ ಎನ್ನುತ್ತೇವಷ್ಟೆ. ಹಿಂದೆ ಕನ್ನಡನಾಡಿನ ಶಾನುಭೋಗರೂ ವರ್ತಕರೂ ಲೆಕ್ಕ ಬರೆಯುತ್ತಿದ್ದುದು ಹುಣಿಸೆಬೀಜದ ಅಂಟಿಗೆ ಇದ್ದಿಲ ಪುಡಿ ಕಲಸಿ ಬಳಿದು ಒಣಗಿಸಿದ ಕರಿಯ ಬಟ್ಟೆಯ ಮೇಲೆ, ಬಳಪದಿಂದ. ಆ ಬಟ್ಟೆಯ ಮಡಿಕೆಗಳೇ ಕಡತ. ಜೋಪಾನ ಮಾಡಿದರೆ ತಲೆಮಾರುಗಳ ಕಾಲ ಉಳಿಯುತ್ತಿತ್ತು; ಒರೆಸಿದರೆ ಮರುಗಳಿಗೆಗೆ ಹೊಸ ಬರಹಕ್ಕೆ ಸಿದ್ಧ. ಉಳಿಸುವುದೂ ಅಳಿಸುವುದೂ ಅದನ್ನು ಇಟ್ಟುಕೊಂಡವನ ಕೈಯಲ್ಲೇ ಇತ್ತು.

ಇಂದಿನ ಅಧಿಕಾರಿಯ ಕೈಯಲ್ಲಿರುವ ಮೊಬೈಲ್ ಫೋನು ಅದೇ ಜಾತಿಯದು. ಆಸ್ಪತ್ರೆಗೆ ಔಷಧ ಕೊಳ್ಳುವ ಮಾತಾಗಲಿ, ಊರಿಗೆ ನೆರೆ ಬಂದಾಗ ಯಾರನ್ನು ಎಲ್ಲಿಗೆ ಸಾಗಿಸಬೇಕೆಂಬ ಮಾತಾಗಲಿ, ಎಷ್ಟೋ ಸಾರಿ ಮೊದಲು ಫೋನಿನ ಸಂದೇಶಗಳಲ್ಲಿ ನಡೆದು ಆಮೇಲೆ ಕಾಗದಕ್ಕೆ ಬರುತ್ತದೆ. ಕೆಲವು ವೇಳೆ ಬರುವುದೇ ಇಲ್ಲ. ಆ ಫೋನು ಹಳತಾದಾಗ ಏನು ಮಾಡಬೇಕು? ಅದರಲ್ಲಿ ಗುಟ್ಟಿನ ಸಂಗತಿಗಳಿವೆ, ಸಾವಿರಾರು ಜನರ ವಿಳಾಸ, ರೋಗ, ವರಮಾನಗಳ ವಿವರಗಳಿರಬಹುದು. ಗುಜರಿಯವನ ಕೈಗೆ ಹಾಗೆಯೇ ಕೊಡುವಂತಿಲ್ಲ. ಆದ್ದರಿಂದ ನಾಶಮಾಡು ಎನ್ನುತ್ತದೆ ಒಂದು ನಿಯಮ. ಅದರಲ್ಲಿ ಸರ್ಕಾರದ ನಿರ್ಧಾರಗಳ ಕಾರಣಗಳಿವೆ. ಆದ್ದರಿಂದ ಕಾಪಾಡು ಎನ್ನುತ್ತದೆ ಇನ್ನೊಂದು. ಎರಡೂ ಸರಿಯೆ. ನಾಶವಾಗಬೇಕಾದ್ದು ಯಂತ್ರ, ಉಳಿಯಬೇಕಾದ್ದು ದಾಖಲೆ; ಇವೆರಡನ್ನು ಒಂದೇ ಎಂದು ಭಾವಿಸಿದಾಗಲೇ ಎಡವಟ್ಟು.

ನಾಶವೂ ಅಷ್ಟು ಸುಲಭವಲ್ಲ. ಕಂಪ್ಯೂಟರಿನಲ್ಲಿ ‘ಅಳಿಸು’ ಎಂದು ಒತ್ತಿದರೆ ಅನೇಕ ವೇಳೆ ಪುಸ್ತಕದ ಪರಿವಿಡಿಯಿಂದ ಒಂದು ಹೆಸರನ್ನು ಹೊಡೆದುಹಾಕಿದಂತಾಗುತ್ತದೆ, ಅಷ್ಟೆ. ಪುಟ ಒಳಗೇ ಇರುತ್ತದೆ, ಬಲ್ಲವರು ಓದುತ್ತಾರೆ. ಇದಕ್ಕೆಂದು ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆ ೨೦೧೪ರಲ್ಲಿ ಪರಿಷ್ಕರಿಸಿದ ಸೂಚನೆಗಳಲ್ಲಿ ಮೂರು ಮೆಟ್ಟಿಲುಗಳನ್ನು ಹೇಳಿತು: ಮೇಲೆ ಹೊಸದನ್ನು ಬರೆದು ಒರೆಸುವುದು, ಪ್ರಯೋಗಶಾಲೆಯಲ್ಲಿಯೂ ಮರಳಿ ಸಿಗದಂತೆ ತೊಳೆಯುವುದು, ಕಡೆಗೆ ಯಂತ್ರವನ್ನೇ ಅರೆದು ಪುಡಿಮಾಡುವುದು. ಅದೇ ಸೂಚನೆಗಳಲ್ಲಿ ಇನ್ನೊಂದು ಮಾತಿದೆ. ಒರೆಸುವ ಮೊದಲು ದಾಖಲೆ ರಕ್ಷಣೆಯ ಅಧಿಕಾರಿಗಳನ್ನು ಕೇಳಿಕೊಳ್ಳಿ ಎಂದು. ಈ ಮಾತು ಮರೆತಲ್ಲಿ ಉಳಿದದ್ದೆಲ್ಲ ವ್ಯರ್ಥ.

ಬ್ರಿಟನ್ನಿನಲ್ಲಿ ಇದರ ಬೆಲೆ ಏನೆಂಬುದು ಕೋವಿಡ್ ಪಿಡುಗಿನ ತರುವಾಯ ಗೊತ್ತಾಯಿತು. ಆ ಪಿಡುಗನ್ನು ಸರ್ಕಾರ ಹೇಗೆ ಎದುರಿಸಿತೆಂಬುದನ್ನು ಪರಿಶೀಲಿಸಲು ಹೆದರ್ ಹ್ಯಾಲೆಟ್ ಎಂಬ ನಿವೃತ್ತ ನ್ಯಾಯಾಧೀಶೆಯ ನೇತೃತ್ವದಲ್ಲಿ ವಿಚಾರಣಾ ಆಯೋಗ ಏರ್ಪಟ್ಟಿತು. ಆಗ ಪ್ರಧಾನಿಯಾಗಿದ್ದ ಬೋರಿಸ್ ಜಾನ್ಸನ್‌ರ ವಾಟ್ಸ್ಆ್ಯಪ್ ಸಂದೇಶಗಳನ್ನು ಆಯೋಗ ಕೇಳಿತು. ಸಂಬಂಧಪಟ್ಟದ್ದು ಯಾವುದೆಂದು ನಾವೇ ಆರಿಸಿ ಕೊಡುತ್ತೇವೆಂದು ಸರ್ಕಾರ ಹಟ ಹಿಡಿದು ಉಚ್ಚ ನ್ಯಾಯಾಲಯಕ್ಕೆ ಹೋಯಿತು. ೨೦೨೩ರ ಜುಲೈ ೬ರಂದು ಸೋತಿತು. ಎಲ್ಲವನ್ನೂ ನೋಡಿ, ಸಂಬಂಧವಿಲ್ಲದ್ದನ್ನು ಹಿಂದಿರುಗಿಸುವುದು ಆಯೋಗದ ಕೆಲಸವೆಂದಾಯಿತು.

ಆದರೆ ಗೆದ್ದ ಮೇಲೆ ಕೈಗೆ ಬಂದದ್ದೇನು? ೨೦೨೧ರ ಏಪ್ರಿಲ್ ಕೊನೆಯಲ್ಲಿ, ಪ್ರಧಾನಿಯವರ ಫೋನಿನ ಸಂಖ್ಯೆ ಹದಿನೈದು ವರ್ಷಗಳಿಂದ ಅಂತರಜಾಲದಲ್ಲಿ ಎಲ್ಲರಿಗೂ ಕಾಣುವಂತಿದ್ದುದು ಬೆಳಕಿಗೆ ಬಂದಿತ್ತು. ಭದ್ರತೆಯವರ ಸಲಹೆಯಂತೆ ಅವರು ಆ ಫೋನನ್ನು ಆರಿಸಿ ಇಟ್ಟುಬಿಟ್ಟಿದ್ದರು. ಭದ್ರತೆಯ ದೃಷ್ಟಿಯಿಂದ ತಪ್ಪೇನೂ ಇಲ್ಲ. ಆದರೆ ಆರಿಸುವ ಹೊತ್ತಿಗೆ ಒಳಗಿನದನ್ನು ನಕಲು ತೆಗೆದಿಡುವ ಕೆಲಸ ನಡೆಯಲಿಲ್ಲ. ಎರಡು ವರ್ಷಗಳ ಮೇಲೆ ತೆರೆಯಹೊರಟಾಗ ಅದರ ಗುಪ್ತಸಂಖ್ಯೆಯೇ ಅವರಿಗೆ ಖಚಿತವಾಗಿ ನೆನಪಿರಲಿಲ್ಲ. ತಂತ್ರಜ್ಞರು ಕಡೆಗೆ ತೆರೆದರು. ಆದರೂ ೨೦೨೦ರ ಜನವರಿ ಕೊನೆಯಿಂದ ಜೂನ್‌ವರೆಗಿನ ಸುಮಾರು ೫,೦೦೦ ಸಂದೇಶಗಳು ಸಿಗಲಿಲ್ಲ. ಆ ದೇಶದ ಮೊದಲ ಲಾಕ್‌ಡೌನ್ ಘೋಷಣೆಯಾದದ್ದು ಮಾರ್ಚ್ ೨೩ರಂದು. ಇಷ್ಟು ತಡವೇಕಾಯಿತೆಂದು ಸತ್ತವರ ಮನೆಯವರು ಕೇಳುತ್ತಿದ್ದುದು ಆ ತಿಂಗಳುಗಳನ್ನು ಕುರಿತೇ. ತಾವಾಗಿ ಏನನ್ನೂ ಅಳಿಸಿಲ್ಲವೆಂದರು ಜಾನ್ಸನ್. ಇರಬಹುದು, ಆದರೆ ಕೇಳಿದವರಿಗೆ ದಕ್ಕಿದ್ದು ಅಷ್ಟೇ.

ಸ್ಕಾಟ್ಲೆಂಡಿನ ಪ್ರಥಮ ಸಚಿವೆಯಾಗಿದ್ದ ನಿಕೋಲಾ ಸ್ಟರ್ಜನ್ ಸಂದೇಶಗಳನ್ನು ಅಳಿಸಿದ್ದು ನಿಜವೆಂದು ೨೦೨೪ರ ಜನವರಿಯಲ್ಲಿ ಇದೇ ಆಯೋಗದ ಮುಂದೆ ಒಪ್ಪಿದರು. ಮುಖ್ಯವಾದದ್ದೆಲ್ಲ ಸರ್ಕಾರಿ ದಾಖಲೆಗೆ ಏರಿದೆ ಎಂದರು. ಏರಿರಬಹುದು. ಆದರೆ ಮುಖ್ಯವಾದದ್ದು ಯಾವುದೆಂದು ತೂಗಿದವರೂ ಒರೆಸಿದವರೂ ಒಬ್ಬರೇ ಆದರೆ, ಸರಿನೋಡುವವರಾರು?

ನಮ್ಮಲ್ಲಿ ೧೯೯೩ರ ಸಾರ್ವಜನಿಕ ದಾಖಲೆಗಳ ಅಧಿನಿಯಮ ಕೇಂದ್ರ ಸರ್ಕಾರದ ಕಚೇರಿಗಳಿಗೆ ಅನ್ವಯಿಸುತ್ತದೆ. ಕಂಪ್ಯೂಟರಾಗಲಿ ಬೇರೆ ಯಾವುದೇ ಸಾಧನವಾಗಲಿ ಹುಟ್ಟಿಸಿದ್ದೂ ದಾಖಲೆಯೇ ಎಂದು, ಕೈಫೋನುಗಳು ಇನ್ನೂ ಇಲ್ಲಿಗೆ ಬಾರದಿದ್ದ ಆ ದಿನಗಳಲ್ಲೇ ಅದು ದೂರದೃಷ್ಟಿಯಿಂದ ಹೇಳಿತು. ನಿಯಮ ಮೀರಿ ನಾಶಮಾಡಿದವನಿಗೆ ಐದು ವರ್ಷಗಳವರೆಗೆ ಸೆರೆ, ಇಲ್ಲವೆ ಹತ್ತು ಸಾವಿರ ರೂಪಾಯಿಗಳವರೆಗೆ ದಂಡ, ಇಲ್ಲವೆ ಎರಡೂ. ೧೮೯೨ಕ್ಕೆ ಹಿಂದಿನ ಕಾಗದವಾದರೆ, ಯಾವ ಉಪಯೋಗಕ್ಕೂ ಬಾರದಷ್ಟು ಕೆಟ್ಟಿದೆಯೆಂದು ಪತ್ರಾಗಾರದ ಮುಖ್ಯಸ್ಥರು ಹೇಳಿದಲ್ಲದೆ ಮುಟ್ಟುವಂತಿಲ್ಲ. ಪ್ರತಿ ಕಚೇರಿಯಲ್ಲೂ ದಾಖಲೆಗಳ ಅಧಿಕಾರಿಯೊಬ್ಬರಿರಬೇಕು.

ಬೀರುವಿನಲ್ಲಿರುವ ಕಡತಕ್ಕೆ ಇದಿಷ್ಟು ಸಾಕು. ಅದು ಎಲ್ಲಿದೆಯೆಂದು ಗುಮಾಸ್ತನಿಗೆ ಗೊತ್ತು. ಜೇಬಿನಲ್ಲಿರುವುದಕ್ಕೆ ಸಾಲದು. ಸ್ವಂತ ಫೋನಿನಲ್ಲಿ ಸರ್ಕಾರಿ ಮಾತು ನಡೆದಿದ್ದರೆ, ವರ್ಗವಾಗಿ ಹೋಗುವ ಅಧಿಕಾರಿ ಚಾರ್ಜು ವಹಿಸಿಕೊಡುವಾಗ ಕುರ್ಚಿ, ಬೀಗದ ಕೈಗಳ ಜತೆಗೆ ಆ ಮಾತನ್ನೂ ಒಪ್ಪಿಸುವಂತಾಗಬೇಕು. ಮನೆಯವರಿಗೆ ತರಕಾರಿ ತರಲು ಹೇಳಿದ್ದು ಯಾರಿಗೂ ಬೇಡ. ಆದರೆ ಬೇರ್ಪಡಿಸುವಾಗ ಎರಡನೆಯ ಕಣ್ಣೊಂದಿರಲಿ. ತೆಗೆದ ನಕಲು ತೆರೆದುಕೊಳ್ಳುತ್ತದೆಯೇ ಎಂದು ನೋಡಿ, ಪಟ್ಟಿಗೆ ರುಜು ಬಿದ್ದ ಮೇಲಷ್ಟೇ ಯಂತ್ರ ಪುಡಿಯಾಗಲಿ.

ತಾವು ಕೇಳಬಹುದಾದ ದಾರಿಯೂ ಒಂದುಂಟು. ೨೦೦೫ರ ಮಾಹಿತಿ ಹಕ್ಕಿನ ಅಧಿನಿಯಮದಂತೆ ಅರ್ಜಿ ಹಾಕಿದ ಮೇಲೆ, ಕೇಳಿದ ಮಾಹಿತಿಯನ್ನು ನಾಶಮಾಡಿದ ಮಾಹಿತಿ ಅಧಿಕಾರಿಗೆ ದಿನಕ್ಕೆ ೨೫೦ ರೂಪಾಯಿಯಂತೆ ೨೫,೦೦೦ ರೂಪಾಯಿಗಳವರೆಗೆ ಆಯೋಗ ದಂಡ ಹಾಕಬಹುದು. ಅರ್ಜಿಯಲ್ಲಿ ‘ಕಡತದ ಪ್ರತಿ’ ಎಂದಷ್ಟೇ ಬರೆಯದೆ, ‘ಆ ವಿಷಯವಾಗಿ ಕಳುಹಿಸಿದ ವಿದ್ಯುನ್ಮಾನ ಸಂದೇಶಗಳ ಪ್ರತಿ’ ಎಂದೂ ಸೇರಿಸಿ ಬರೆಯಿರಿ.