ಪ್ರಾಯಸ್ಥರಿಗೊಂದು ಬೆಟ್ಟದ ಶಾಲೆ

(ಶತಮಾನೋತ್ಸವದ ಉಪನ್ಯಾಸಮಾಲೆಯಲ್ಲಿ ಹಳೆವಿದ್ಯಾರ್ಥಿ ಸಂಘದ ಪರವಾಗಿ ಮಾಡಿದ ಭಾಷಣದ ಲಿಖಿತ ರೂಪ)



ನೂರು ತುಂಬಿದ ಶಾಲೆಯ ಅಂಗಳದಲ್ಲಿ ಮಕ್ಕಳ ಕಲಿಕೆಯನ್ನು ಕುರಿತು ಮಾತನಾಡಲು ಅನೇಕರಿದ್ದಾರೆ. ಈ ಮಾಲೆಯ ಹಿಂದಿನ ಉಪನ್ಯಾಸಗಳಲ್ಲಿ ಆ ಕಾರ್ಯ ಸಮರ್ಥವಾಗಿ ನಡೆದಿದೆ. ಆದುದರಿಂದ ನಾವು ಇಂದು ನಮ್ಮಂಥವರ ವಿಷಯವನ್ನೇ ಎತ್ತಿಕೊಂಡಿದ್ದೇವೆ. ಶಾಲೆ ಬಿಟ್ಟು ಮೂವತ್ತು ನಲುವತ್ತು ವರ್ಷಗಳಾದವರು, ಮಕ್ಕಳನ್ನು ಬೆಂಗಳೂರಿಗೋ ಕೊಲ್ಲಿ ರಾಷ್ಟ್ರಗಳಿಗೋ ಕಳುಹಿಸಿ ತೋಟ ನೋಡಿಕೊಂಡು ಮನೆಯಲ್ಲಿ ಇಬ್ಬರೇ ಉಳಿದವರು, ನಿವೃತ್ತಿಯ ದಿನ ಎಣಿಸುತ್ತಿರುವವರು, ಇಂಥ ಪ್ರಾಯಸ್ಥರು ಇನ್ನು ಏನನ್ನಾದರೂ ಕಲಿಯಬಲ್ಲರೇ? ಈ ಪ್ರಶ್ನೆಯನ್ನು ಎದೆಯಲ್ಲಿಟ್ಟುಕೊಂಡು ಜಗತ್ತಿನ ಹಲವೆಡೆ ಜನರು ಕಾಡಿಗೆ, ಕಡಲಿಗೆ, ಹಿಮಪರ್ವತಗಳಿಗೆ ಹೋಗುತ್ತಿದ್ದಾರೆ. ಹಣ ತೆತ್ತು, ರಜೆ ಹಾಕಿ, ಹತ್ತಿಪ್ಪತ್ತು ದಿನ ಬೆನ್ನ ಮೇಲೆ ಹೊರೆ ಹೊತ್ತು ನಡೆಯುವ ಸಾಹಸ ಶಿಬಿರಗಳನ್ನು ಸೇರುತ್ತಿದ್ದಾರೆ. ಅಲ್ಲಿ ಅವರಿಗೆ ದೊರೆಯುವುದೇನು, ದೊರೆಯದಿರುವುದೇನು ಎಂಬುದು ಇಂದಿನ ವಿಚಾರ.

ಶಾಲೆಯ ವೇದಿಕೆಗೆ ಇದು ಹೊಂದುವ ವಿಷಯವೇ ಎಂದು ಕೆಲವರಿಗೆ ಅನಿಸೀತು. ಈ ಬಗೆಯ ಶಿಬಿರಗಳ ಮೂಲಪುರುಷರಲ್ಲಿ ಪ್ರಮುಖರು ಒಬ್ಬ ಹೆಡ್‌ಮಾಸ್ತರರೇ. ಕುರ್ಟ್ ಹಾನ್ 1886ರಲ್ಲಿ ಬರ್ಲಿನ್ನಿನ ಯೆಹೂದಿ ಮನೆತನವೊಂದರಲ್ಲಿ ಹುಟ್ಟಿದವರು. 1920ರಲ್ಲಿ ದಕ್ಷಿಣ ಜರ್ಮನಿಯ ಸಾಲೆಮ್ ಎಂಬಲ್ಲಿ (ನಮ್ಮ ತಮಿಳುನಾಡಿನ ಸೇಲಂ ಅಲ್ಲ) ಒಂದು ಶಾಲೆಯನ್ನು ಕಟ್ಟಿದರು. ಹಿಟ್ಲರನನ್ನು ಬಹಿರಂಗವಾಗಿ ವಿರೋಧಿಸಿದುದಕ್ಕಾಗಿ 1933ರಲ್ಲಿ ಬಂಧನಕ್ಕೊಳಗಾಗಿ, ಬಿಡುಗಡೆಯ ಬಳಿಕ ಬ್ರಿಟನ್ನಿಗೆ ವಲಸೆ ಹೋಗಿ, ಮರುವರ್ಷ ಸ್ಕಾಟ್ಲೆಂಡಿನಲ್ಲಿ ಗಾರ್ಡನ್‌ಸ್ಟನ್ ಶಾಲೆಯನ್ನು ಆರಂಭಿಸಿದರು. ತಾರುಣ್ಯದಲ್ಲಿ ಬಿಸಿಲಿನ ಆಘಾತಕ್ಕೆ ಸಿಕ್ಕಿ ಬಾಳಿನುದ್ದಕ್ಕೂ ಪ್ರಖರ ಬೆಳಕಿಗೆ ಅಂಜಬೇಕಾಗಿದ್ದ ವ್ಯಕ್ತಿ ತನ್ನ ಶಿಷ್ಯರನ್ನು ಮಾತ್ರ ಬೆಟ್ಟ-ಕಡಲುಗಳ ಬಯಲಿಗೆ ಕಳುಹಿಸಿದರು ಎಂಬುದನ್ನು ನೆನೆದಾಗ ಅವರಲ್ಲಿ ನಮ್ಮ ಗೌರವ ಹೆಚ್ಚುತ್ತದೆ.

ಎರಡನೆಯ ಮಹಾಯುದ್ಧದ ಸಮಯ. ಜರ್ಮನಿಯ ಜಲಾಂತರ್ಗಾಮಿಗಳು ಬ್ರಿಟನ್ನಿನ ಸರಕು ಹಡಗುಗಳನ್ನು ಅಟ್ಲಾಂಟಿಕ್ ಸಾಗರದಲ್ಲಿ ಮುಳುಗಿಸುತ್ತಿದ್ದವು. ಬ್ಲೂ ಫನೆಲ್ ಎಂಬ ನೌಕಾ ಕಂಪೆನಿಯ ಪಾಲುದಾರರಾದ ಲಾರೆನ್ಸ್ ಹೋಲ್ಟ್ ಅವರ ಗಮನಕ್ಕೆ ಒಂದು ವಿಚಿತ್ರ ಸಂಗತಿ ಬಂತು. ಹಡಗು ಮುಳುಗಿದಾಗ ಜೀವರಕ್ಷಕ ದೋಣಿಗಳಲ್ಲಿ ಪ್ರಾಣ ಬಿಡುತ್ತಿದ್ದವರಲ್ಲಿ ಗಟ್ಟಿಮುಟ್ಟಾದ ತರುಣರೇ ಹೆಚ್ಚು. ಹಾಯಿಹಡಗಿನ ಕಾಲದಲ್ಲಿ ಪಳಗಿದ ಹಳೆಯ ನಾವಿಕರು ಬದುಕಿ ದಡ ಸೇರುತ್ತಿದ್ದರು. ತೋಳಬಲದ ಕೊರತೆ ಇದಕ್ಕೆ ಕಾರಣವಾಗಿರಲಿಲ್ಲ. ಕಷ್ಟದಲ್ಲಿ ಸಿಕ್ಕಿ ಪಾರಾದ ಹಿಂದಿನ ಅನುಭವ ತರುಣರಿಗಿರಲಿಲ್ಲ. ಇದನ್ನೂ ದಾಟಬಹುದು ಎಂಬ ನಂಬಿಕೆ ಅವರಲ್ಲಿ ಬೇಗ ಆರಿಹೋಗುತ್ತಿತ್ತು. ಹಾನ್ ಮತ್ತು ಹೋಲ್ಟ್ ಸೇರಿ 1941ರಲ್ಲಿ ವೇಲ್ಸಿನ ಕಡಲತೀರದ ಅಬರ್‌ಡವಿಯಲ್ಲಿ ಸುಮಾರು ನಾಲ್ಕು ವಾರಗಳ ಶಿಬಿರಗಳನ್ನು ತೆರೆದರು. ಬಂದರು ಬಿಟ್ಟು ಹೊರಟ ಹಡಗಿಗೆ ನಾವಿಕರು ಹೇಳುವ ‘ಔಟ್‌ವರ್ಡ್ ಬೌಂಡ್’ ಎಂಬ ಮಾತೇ ಸಂಸ್ಥೆಯ ಹೆಸರಾಯಿತು. ಕಡಲಿನ ಕೆಲಸಕ್ಕೆ ಜನರನ್ನು ತಯಾರಿಸುವುದಕ್ಕಿಂತಲೂ ಕಡಲಿನಿಂದಲೇ ಮನುಷ್ಯರನ್ನು ತಯಾರಿಸುವುದು ಮುಖ್ಯ ಎಂಬುದು ಹೋಲ್ಟರ ಅಭಿಪ್ರಾಯವಾಗಿತ್ತು.

ಈ ವೃತ್ತಾಂತದಲ್ಲಿ ಒಂದು ಅಂಶ ನಮ್ಮನ್ನು ಬಹಳ ಯೋಚನೆಗೆ ಹಚ್ಚಿದೆ. ಪ್ರಾಯ ಸಂದವರಲ್ಲಿ ಇದ್ದುದನ್ನು ಎಳೆಯರಿಗೆ ಕಲಿಸಬೇಕೆಂದು ಹುಟ್ಟಿದ ಶಿಬಿರಗಳಿಗೆ ಇಂದು ಪ್ರಾಯ ಸಂದವರೇ ವಿದ್ಯಾರ್ಥಿಗಳಾಗಿ ಹೋಗುತ್ತಿದ್ದಾರೆ. ಅವರಲ್ಲಿ ಇರಬೇಕಾಗಿದ್ದದ್ದು ಎಲ್ಲಿ ಹೋಯಿತು?

ನಮಗೆ ತೋರುವ ಉತ್ತರ ಹೀಗಿದೆ. ನಲುವತ್ತು ದಾಟಿದ ಮೇಲೆ, ತನಗೆ ಗೊತ್ತಿಲ್ಲ ಎಂದು ನಾಲ್ವರ ಮುಂದೆ ಒಪ್ಪಿಕೊಳ್ಳುವ ಸಂದರ್ಭಗಳು ನಮ್ಮ ಬಾಳಿನಿಂದ ಒಂದೊಂದಾಗಿ ಮಾಯವಾಗುತ್ತವೆ. ಮನೆಯಲ್ಲಿ ನಾವು ಯಜಮಾನರು, ಕಚೇರಿಯಲ್ಲಿ ಮೇಲಧಿಕಾರಿಗಳು, ಸಂಘದಲ್ಲಿ ಪದಾಧಿಕಾರಿಗಳು. ಗೊತ್ತಿರುವ ಕೆಲಸವನ್ನೇ ಮಾಡುತ್ತೇವೆ. ಗೊತ್ತಿಲ್ಲದುದನ್ನು ಕಿರಿಯರಿಂದ ಮಾಡಿಸುತ್ತೇವೆ. ಬ್ಯಾಂಕಿನ ಮೊಬೈಲ್ ವ್ಯವಹಾರವನ್ನು ಮಗಳಿಗೆ ಒಪ್ಪಿಸಿ, ಅದು ನಮ್ಮ ಕಾಲದ್ದಲ್ಲ ಎಂದುಬಿಡುತ್ತೇವೆ. ಇದರಲ್ಲಿ ಅವಮಾನವಿಲ್ಲ, ಅನುಕೂಲವಿದೆ. ಆದರೆ ಹಾಗೆ ಅನುಕೂಲವಾಗಿರುತ್ತಲೇ ನಮ್ಮೊಳಗಿನ ವಿದ್ಯಾರ್ಥಿ ಸದ್ದಿಲ್ಲದೆ ಹೊರನಡೆದಿರುತ್ತಾನೆ.

ಬೆಟ್ಟದ ಶಿಬಿರವು ಈ ಅನುಕೂಲವನ್ನೆಲ್ಲ ಮೊದಲ ದಿನವೇ ಕಿತ್ತುಕೊಳ್ಳುತ್ತದೆ. ಅಮೆರಿಕದ ಪಾಲ್ ಪೆಟ್ಸೋಲ್ಟ್ ಎಂಬ ಪರ್ವತಾರೋಹಿ 1965ರಲ್ಲಿ ವಯೋಮಿಂಗ್ ರಾಜ್ಯದ ಲ್ಯಾಂಡರ್ ಎಂಬ ಪಟ್ಟಣದಲ್ಲಿ, ಹೊರಾಂಗಣ ನಾಯಕತ್ವವನ್ನು ಕಲಿಸುವ ಶಾಲೆಯೊಂದನ್ನು ತೆರೆದರು. ಆಗ ಅವರ ಪ್ರಾಯ 57. ‘ನೋಲ್ಸ್’ ಎಂದು ಹೆಸರಾದ ಆ ಶಾಲೆಯಲ್ಲಿ ಇಂದು ಪ್ರಾಯಸ್ಥರಿಗೆಂದೇ ಪ್ರತ್ಯೇಕ ತರಬೇತಿಗಳಿವೆ. ಅಮೆರಿಕದ ಗಗನಯಾತ್ರಿಗಳ ತಂಡಗಳೂ ಅಲ್ಲಿ ಕಲಿತಿವೆ. ಪಾಠಗಳಾದರೋ ಅತಿ ಸಾಮಾನ್ಯವಾದವು: ಒಲೆ ಹೊತ್ತಿಸುವುದು, ಗಂಜಿ ಕಾಯಿಸುವುದು, ನಕ್ಷೆ ಓದುವುದು, ಡೇರೆ ಕಟ್ಟುವುದು, ಹೊಳೆ ದಾಟುವುದು, ಒದ್ದೆ ಕಾಲುಚೀಲ ಒಣಗಿಸುವುದು. ಇವುಗಳ ಜೊತೆಗೆ, ಒಂದೇ ಡೇರೆಯಲ್ಲಿ ಮಲಗುವ ಸಹಯಾತ್ರಿಕರೊಡನೆ ನಡೆದುಕೊಳ್ಳುವ ಬಗೆಯನ್ನೂ ಪೆಟ್ಸೋಲ್ಟ್ ಪಾಠವನ್ನಾಗಿ ಮಾಡಿದರು. ದಣಿದು ಬಂದ ಸಂಜೆ ನೀರು ತರಲು ಯಾರು ಏಳುತ್ತಾರೆ, ಹಿಂದೆ ಉಳಿದವರಿಗಾಗಿ ಯಾರು ಸಿಡುಕದೆ ಕಾಯುತ್ತಾರೆ, ತನ್ನ ಕಾಲಿನ ಗುಳ್ಳೆ ಒಡೆಯುವ ಮೊದಲೇ ಯಾರು ಬಾಯಿಬಿಟ್ಟು ಹೇಳುತ್ತಾರೆ ಎಂಬಲ್ಲಿ ತಂಡದ ಕ್ಷೇಮವಿದೆ. ಗುಳ್ಳೆಯನ್ನು ಮುಚ್ಚಿಡುವವನು ಧೀರನಲ್ಲ. ಮರುದಿನ ಎಲ್ಲರ ನಡಿಗೆಯನ್ನೂ ಅವನು ತಡೆಯುತ್ತಾನೆ. ಊರಿನಲ್ಲಿ ಐವತ್ತು ಮಂದಿಗೆ ಆಜ್ಞೆ ಕೊಡುವವರಿಗೆ ಈ ಒಂದು ಪಾಠ ಬಲು ಕಠಿಣವಾಗಿ ಕಾಣುತ್ತದೆ.

ನಮ್ಮ ದೇಶದ ಉದಾಹರಣೆ ಇದಕ್ಕಿಂತಲೂ ಹಿರಿದಾದುದು. ತೇನ್ಸಿಂಗ್ ನೋರ್ಗೆ 1935ರಲ್ಲಿ ಎವರೆಸ್ಟ್ ತಂಡವೊಂದರ ಹೊರೆಯಾಳಾಗಿ ಮೊದಲು ಬೆಟ್ಟ ಹತ್ತಿದವರು. 1953ರ ಮೇ 29ರಂದು ಹಿಲರಿಯವರೊಂದಿಗೆ ಶಿಖರವನ್ನು ಮುಟ್ಟಿದರು. ಮರುವರ್ಷ ಡಾರ್ಜಿಲಿಂಗಿನಲ್ಲಿ ಹಿಮಾಲಯನ್ ಪರ್ವತಾರೋಹಣ ಸಂಸ್ಥೆ ಸ್ಥಾಪನೆಯಾಗುವಾಗ ಅದರ ಕ್ಷೇತ್ರ ತರಬೇತಿಯ ನಿರ್ದೇಶಕರಾಗಿ ಅವರನ್ನು ಆರಿಸಲಾಯಿತು. ಆ ಹುದ್ದೆಗೆ ಮೊದಲು ಅವರು ಮಾಡಿದ್ದೇನು? ಕೆಲವು ಮಂದಿ ಶೆರ್ಪಾ ಸಂಗಡಿಗರೊಂದಿಗೆ ಸ್ವಿಟ್ಜರ್ಲೆಂಡಿನ ರೋಸೆನ್‌ಲೌಯಿಗೆ ಹೋಗಿ, ಅರ್ನಾಲ್ಡ್ ಗ್ಲಾಟ್‌ಹಾರ್ಡ್ ಎಂಬ ಗುರುಗಳ ಪರ್ವತಶಾಲೆಯಲ್ಲಿ ವಿದ್ಯಾರ್ಥಿಯಾಗಿ ಕುಳಿತರು. ಜಗತ್ತಿನ ಅತ್ಯುನ್ನತ ಶಿಖರವನ್ನು ಏರಿಬಂದವರು ನಲುವತ್ತರ ಹರೆಯದಲ್ಲಿ ಹಗ್ಗದ ಗಂಟಿನ ಪಾಠ ಕೇಳಿದರು. ಹತ್ತುವುದು ಬೇರೆ, ಹತ್ತುವುದನ್ನು ಕಲಿಸುವುದು ಬೇರೆ ಎಂಬುದು ಅವರಿಗೆ ತಿಳಿದಿತ್ತು. ಅವರಿಗೆ ಓದುಬರಹ ಬರುತ್ತಿರಲಿಲ್ಲ. ಮಾತನಾಡಬಲ್ಲ ಭಾಷೆಗಳು ಮಾತ್ರ ಹಲವು. ಮನೆಯಲ್ಲೊಂದು, ಅಂಗಡಿಯಲ್ಲೊಂದು, ಕಚೇರಿಯಲ್ಲೊಂದು ಎಂದು ತುಳು, ಕನ್ನಡ, ಮಲಯಾಳಗಳ ನಡುವೆ ದಿನವೂ ದಾಟಿ ಬರುವ ಕಾಸರಗೋಡಿನ ನಮಗೆ ಅಂಥವರ ಜಾಣ್ಮೆ ಅಪರಿಚಿತವಲ್ಲ.

ಪ್ರಾಯಸ್ಥರ ವಿಷಯದಲ್ಲಿ ಇನ್ನೊಂದು ನಿದರ್ಶನವನ್ನು ಹೇಳಲೇಬೇಕು. 1984ರಲ್ಲಿ ಎವರೆಸ್ಟ್ ಏರಿದ ಮೊದಲ ಭಾರತೀಯ ಮಹಿಳೆ ಬಚೇಂದ್ರಿ ಪಾಲ್ 2022ರಲ್ಲಿ, ತಮ್ಮ 67ನೆಯ ಪ್ರಾಯದಲ್ಲಿ, ಐವತ್ತು ದಾಟಿದ ಮಹಿಳೆಯರ ತಂಡವೊಂದನ್ನು ಅರುಣಾಚಲದಿಂದ ಲಡಾಖಿನವರೆಗೆ ಹಿಮಾಲಯದ ಉದ್ದಕ್ಕೂ ನಡೆಸಿದರು. ಸುಮಾರು ಐದು ತಿಂಗಳ ನಡಿಗೆ. ತಂಡದಲ್ಲಿ ಗೃಹಿಣಿಯರಿದ್ದರು, ನಿವೃತ್ತರಿದ್ದರು, ಕರ್ನಾಟಕದವರೂ ಇದ್ದರು. ನಮ್ಮ ಸಭೆಯ ಅಕ್ಕಂದಿರು, ಅತ್ತೆಯಂದಿರು ಈ ಮಾತನ್ನು ವಿಶೇಷವಾಗಿ ಗಮನಿಸಬೇಕೆಂದು ಕೋರುತ್ತೇವೆ. ಮೊಣಕಾಲು ನೋವಿನ ವಿಷಯ ಆಮೇಲೆ ಮಾತನಾಡೋಣ.

ಇಷ್ಟು ಹೊಗಳಿದ ಮೇಲೆ ಸಂಶಯಗಳನ್ನೂ ಮುಂದಿಡಬೇಕು. ಹದಿನೈದು ದಿನ ಕಾಡಿನಲ್ಲಿದ್ದು ಬಂದವನು ನಿಜವಾಗಿ ಬದಲಾಗುತ್ತಾನೆಯೇ? ಔಟ್‌ವರ್ಡ್ ಬೌಂಡ್ ವಲಯದಲ್ಲೇ ಈ ಕುರಿತು ದೀರ್ಘ ಚರ್ಚೆ ನಡೆದಿದೆ. ಬೆಟ್ಟವೇ ಪಾಠ ಹೇಳುತ್ತದೆ, ಗುರು ಬಾಯಿ ಮುಚ್ಚಿಕೊಂಡಿರಲಿ ಎಂದು ಒಂದು ಪಕ್ಷ. ಸಂಜೆ ಎಲ್ಲರೂ ಕುಳಿತು ಅಂದಿನ ಅನುಭವವನ್ನು ಮಾತಿನಲ್ಲಿ ಬಿಡಿಸದಿದ್ದರೆ ಅದು ಬರಿಯ ದಣಿವು ಎಂದು ಮತ್ತೊಂದು ಪಕ್ಷ. ಅವರ ಶಿಬಿರಗಳಲ್ಲಿ ಏಕಾಂತದ ಒಂದು ಕ್ರಮವಿದೆ. ಪ್ರತಿಯೊಬ್ಬರನ್ನೂ ಪ್ರತ್ಯೇಕ ಜಾಗದಲ್ಲಿ, ಒಂದು ದಿನವೋ ಎರಡು ದಿನವೋ, ಅಲ್ಪ ಆಹಾರದೊಂದಿಗೆ ಸುಮ್ಮನೆ ಕೂರಿಸುತ್ತಾರೆ. ಗುರುಗಳು ದೂರದಿಂದ ಕ್ಷೇಮ ವಿಚಾರಿಸುತ್ತಿರುತ್ತಾರೆ. ಹತ್ತುವುದಿಲ್ಲ, ಇಳಿಯುವುದಿಲ್ಲ, ಬೇಕಿದ್ದರೆ ಬರೆಯಬಹುದು. ನಮ್ಮ ಅಭಿಪ್ರಾಯದಲ್ಲಿ ಎರಡೂ ಪಕ್ಷಗಳ ಸತ್ಯ ಈ ಏಕಾಂತದಲ್ಲಿ ಕೂಡುತ್ತದೆ. ಆದರೆ ಅಲ್ಲಿ ಬರೆದ ಪುಟವನ್ನು ಮನೆಗೆ ಬಂದ ಮೇಲೆ ಯಾರು ಓದುತ್ತಾರೆ ಎಂಬುದೇ ಪ್ರಶ್ನೆ. ಶಿಬಿರದಲ್ಲಿ ಕಲಿತ ತಾಳ್ಮೆಗೆ ಮನೆಯಲ್ಲಿ ಒಂದು ಕೆಲಸ ಕಾದಿಲ್ಲವಾದರೆ ಅದು ತಿಂಗಳೊಪ್ಪತ್ತಿನಲ್ಲಿ ಸವೆದುಹೋಗುತ್ತದೆ. ಹಾನ್ ತಮ್ಮ ಶಾಲೆಗಳಲ್ಲಿ ಸಾಹಸದ ಪಕ್ಕದಲ್ಲೇ ಸೇವೆಯನ್ನು ಇಟ್ಟದ್ದು ಇದಕ್ಕಾಗಿಯೇ. ಗಾರ್ಡನ್‌ಸ್ಟನ್ ವಿದ್ಯಾರ್ಥಿಗಳು ಕರಾವಳಿ ಕಾವಲಿನ, ಬೆಂಕಿ ನಂದಿಸುವ ಕೆಲಸಗಳಲ್ಲಿ ಊರಿಗೆ ನೆರವಾಗುತ್ತಿದ್ದರು. ಇತ್ತೀಚಿನ ದುಬಾರಿ ಶಿಬಿರಗಳು ಈ ಅರ್ಧವನ್ನು ಕೈಬಿಟ್ಟು, ಉಳಿದರ್ಧವನ್ನು ಛಾಯಾಚಿತ್ರಗಳ ಸಮೇತ ಮಾರುತ್ತಿವೆ ಎಂಬುದು ನಮ್ಮ ಆಕ್ಷೇಪ.

ಮತ್ತೊಂದು ಸಂಶಯ ನಮ್ಮ ಮಣ್ಣಿಗೆ ಸೇರಿದ್ದು. ನಮ್ಮ ಗುಡ್ಡಗಳಲ್ಲಿ ಮುರಕಲ್ಲನ್ನು ಕೊರೆದು ಸುರಂಗ ತೋಡಿ ನೀರು ತರುವವರಿದ್ದಾರೆ. ಆಳು ಬಗ್ಗಿ ನಡೆಯುವಷ್ಟೇ ಅಗಲದ ಕತ್ತಲೆಯಲ್ಲಿ, ಉಸಿರಾಡುವ ಗಾಳಿ ಇದೆಯೇ ಎಂದು ಮೇಣದ ಬತ್ತಿಯ ಉರಿಯಿಂದ ತಿಳಿದು, ಹಾರೆ ಹಿಡಿದು ಮುಂದೆ ಹೋಗುತ್ತಾರೆ. ಕಾಲಿಗೆ ತಳೆ ಹಾಕಿ ಒಂದು ಅಡಿಕೆ ಮರದಿಂದ ಇನ್ನೊಂದಕ್ಕೆ ದಾಟುವವರಿದ್ದಾರೆ. ಇವರಿಗೆ ಯಾರೂ ಪ್ರಮಾಣಪತ್ರ ಕೊಟ್ಟಿಲ್ಲ. ವ್ಯಕ್ತಿತ್ವ ವಿಕಸನಕ್ಕಾಗಿ ಹಗ್ಗ ಹಿಡಿಯುವವರು ಹೊಟ್ಟೆಪಾಡಿಗಾಗಿ ಹಗ್ಗ ಹಿಡಿದವರ ಮುಂದೆ ತಲೆ ಬಾಗಿಸಬೇಕು. ಹಿಮಾಲಯದಲ್ಲೂ ಯಾತ್ರಿಕನ ಸಾಹಸ ನಿಂತಿರುವುದು ಹೊರೆಯಾಳಿನ ಬೆನ್ನಿನ ಮೇಲೆ.

ಅಪಾಯದ ಮಾತನ್ನು ಮರೆಮಾಚುವುದು ಸಲ್ಲದು. 2022ರ ಅಕ್ಟೋಬರ್ 4ರಂದು ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯ ಉನ್ನತ ತರಬೇತಿಯ ತಂಡವು ‘ದ್ರೌಪದಿ ಕಾ ಡಾಂಡಾ’ ಶಿಖರದ ಬಳಿ ಹಿಮಪಾತಕ್ಕೆ ಸಿಕ್ಕಿ, ಶಿಕ್ಷಾರ್ಥಿಗಳೂ ಶಿಕ್ಷಕರೂ ಸೇರಿ 29 ಮಂದಿಯನ್ನು ಕಳೆದುಕೊಂಡೆವು. 2024ರ ಜೂನ್ ತಿಂಗಳಲ್ಲಿ ಅದೇ ಜಿಲ್ಲೆಯ ಸಹಸ್ರತಾಲದ ಚಾರಣಕ್ಕೆ ಹೋದ ಕರ್ನಾಟಕದ ತಂಡವೊಂದು ಹಿಮಗಾಳಿಗೆ ಸಿಲುಕಿ ಒಂಬತ್ತು ಮಂದಿ ತೀರಿಕೊಂಡರು. ಅವರಲ್ಲಿ ಅರುವತ್ತು ದಾಟಿದವರೂ ಇದ್ದರು. ಅವರು ದುಡುಕಿದರೆಂದು ಇಲ್ಲಿ ಕುಳಿತು ತೀರ್ಪು ಹೇಳುವ ಅಧಿಕಾರ ನಮಗಿಲ್ಲ. ಎತ್ತರದಲ್ಲಿ ಹವೆ ಗಂಟೆಯೊಳಗೆ ಬದಲಾಗುತ್ತದೆ. ಗಾಳಿ ತೆಳುವಾದಲ್ಲಿ ಪ್ರಾಯದ ದೇಹ ಬೇಗ ಸೋಲುತ್ತದೆ, ಬುದ್ಧಿಯೂ ಮಂಕಾಗುತ್ತದೆ. ಶಿಖರ ಕಾಣುವ ದೂರದಲ್ಲಿದ್ದಾಗ ಹಿಂದಿರುಗೋಣ ಎನ್ನಬಲ್ಲವನನ್ನು ತಯಾರಿಸುವುದು ಒಳ್ಳೆಯ ಶಿಬಿರದ ಮೊದಲ ಕೆಲಸವಾಗಬೇಕು. ಶುಲ್ಕ ತೆತ್ತು ಬಂದ ಪ್ರಾಯಸ್ಥನಿಗೆ ಹಾಗೆ ಹೇಳುವುದು ಶಿಕ್ಷಕನಿಗೂ ಸುಲಭವಲ್ಲ. ಕೇಳುವವನ ಜಂಭವೂ ಹೇಳುವವನ ದಾಕ್ಷಿಣ್ಯವೂ ಕೂಡಿದಲ್ಲಿ ಅನಾಹುತ ದೂರವಿರುವುದಿಲ್ಲ.

ಭಾಷೆಯ ಮಾತೊಂದು ಉಳಿದಿದೆ. ಹಿಮಾಲಯದ ಶಿಬಿರಗಳು ಹಿಂದಿ, ಇಂಗ್ಲಿಷ್‌ಗಳಲ್ಲಿ ನಡೆಯುತ್ತವೆ. ಕನ್ನಡ ಮಾಧ್ಯಮದಲ್ಲಿ ಕಲಿತು ಊರಲ್ಲೇ ಉಳಿದವರಿಗೆ ಅಲ್ಲಿ ಚಳಿಗಿಂತ ಮೊದಲು ಸಂಕೋಚವೇ ಅಡ್ಡ ಬರುತ್ತದೆ. ಹಗ್ಗದ ತುದಿಯಲ್ಲಿ ನೇತಾಡುತ್ತಿರುವಾಗ ಹೇಳಬೇಕಾದ ಮಾತು ತಾಯ್ನುಡಿಯಲ್ಲೇ ಬಾಯಿಗೆ ಬರುವುದು ಸಹಜ. ಕರ್ನಾಟಕದಲ್ಲಿ ರಾಮನಗರದ, ಬದಾಮಿಯ ಬಂಡೆಗಳಲ್ಲಿ ಕನ್ನಡದಲ್ಲೇ ಹತ್ತಲು ಕಲಿತವರಿದ್ದಾರೆ. ಗಡಿಯ ಈಚೆಗೆ, ನಮ್ಮ ಪಾಲಿಗೆ, ಅಂಥದೊಂದು ಇಲ್ಲ. ಶಾಲೆಯಲ್ಲಿ ಕನ್ನಡವನ್ನು ಉಳಿಸಬೇಕೆಂದು ನೂರು ವರ್ಷ ಹೋರಾಡಿದ ನಾವು, ಶಾಲೆ ಬಿಟ್ಟವರಿಗೆ ಆ ಕನ್ನಡದಲ್ಲಿ ಹೊಸದಾಗಿ ಕಲಿಯಲು ಏನನ್ನಿಟ್ಟಿದ್ದೇವೆ? ಸನ್ಮಾನ ಸಮಾರಂಭಗಳನ್ನು ಬಿಟ್ಟರೆ ಹೆಚ್ಚಿನದೇನೂ ಇಲ್ಲ.

ಆದುದರಿಂದ ಸಂಘದಿಂದ ಒಂದು ಸಣ್ಣ ಪ್ರಯತ್ನಕ್ಕೆ ಕೈ ಹಾಕಿದ್ದೇವೆ. ಬರುವ ಡಿಸೆಂಬರಿನಲ್ಲಿ, ನಲುವತ್ತು ದಾಟಿದ ಹಳೆವಿದ್ಯಾರ್ಥಿಗಳಿಗಾಗಿ ಮೂರು ದಿನಗಳ ನಡಿಗೆಯ ಶಿಬಿರ. ಒಂದು ದಿನ ಪೊಸಡಿಗುಂಪೆಯಲ್ಲಿ ಅಭ್ಯಾಸ. ಬಳಿಕ ಕೊಡಗಿನ ಕಾಡಿಗೆ ತಾಗಿಕೊಂಡಿರುವ ರಾಣಿಪುರಂ ಬೆಟ್ಟ, ಅರಣ್ಯ ಇಲಾಖೆಯ ಅನುಮತಿಯೊಂದಿಗೆ, ಹಗಲು ಮಾತ್ರ. ಹಿಮವಿಲ್ಲ, ಪ್ರಪಾತವಿಲ್ಲ, ಜಿಗಣೆಗಳು ಕಾದಿರಬಹುದು. ಹಗ್ಗದ ಗಂಟುಗಳನ್ನು ಕಲಿಸಲು ಅಡಿಕೆ ಮರ ಹತ್ತುವ ನಮ್ಮೂರಿನ ಇಬ್ಬರು ಒಪ್ಪಿದ್ದಾರೆ. ಅವರೂ ಇದೇ ಶಾಲೆಯ ಹಳೆವಿದ್ಯಾರ್ಥಿಗಳು. ಅಡುಗೆಯವರನ್ನು ಕರೆದೊಯ್ಯುವುದಿಲ್ಲ. ಅವರವರ ಹೊರೆ ಅವರವರದೇ. ಮರಳಿ ಬಂದವರು ಮುಂದಿನ ಒಂದು ವರ್ಷ, ತಿಂಗಳಿಗೊಂದು ಶನಿವಾರ, ನಮ್ಮ ಏಳನೆಯ ತರಗತಿಯ ಮಕ್ಕಳನ್ನು ಗುಡ್ಡಕ್ಕೆ ಕರೆದೊಯ್ಯಬೇಕೆಂಬುದು ಷರತ್ತು. ವೈದ್ಯರ ಪ್ರಮಾಣಪತ್ರದೊಂದಿಗೆ ಹೆಸರನ್ನು ದೀಪಾವಳಿಯೊಳಗೆ ಕಾರ್ಯದರ್ಶಿಯವರಲ್ಲಿ ಕೊಡಬೇಕಾಗಿ ವಿನಂತಿ. ಈವರೆಗೆ ಹನ್ನೊಂದು ಹೆಸರು ಬಂದಿವೆ. ಅವುಗಳಲ್ಲಿ ಏಳು ಮಹಿಳೆಯರದು. ಗಂಡಸರಿಗೆ ಇನ್ನೂ ಸಮಯವಿದೆ.